ಹಿಡಿಯುವ ಕೈಗೆ ಒಲಿಯದ ಮರಿ

ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಊರಿಗೆ ಇಲಿಕಾಟ ಹೆಚ್ಚಾಯಿತೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕಿನ ಮರಿ, ಅದರ ಹಾಲಿಗೆಂದು ಒಂದೊಂದು ಹಸು ಕೊಡಿಸುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಮರಿಯ ಮುಂದಿಡುತ್ತಾನೆ. ಬಾಯಿ ಸುಟ್ಟುಕೊಂಡ ಮರಿ ಆಮೇಲೆ ಹಾಲಿನ ಕಡೆ ಮೂತಿ ಹಾಕುವುದಿಲ್ಲ, ಹಸುವಿನ ಹಾಲೆಲ್ಲ ಮನೆಯವರ ಪಾಲು. ಊರ ಬೆಕ್ಕುಗಳೆಲ್ಲ ಕೊಬ್ಬಿ ನಿಂತಾಗ ಇವನ ಬೆಕ್ಕು ಮಾತ್ರ ಬಡಕಲು. ರಾಜನ ಎದುರಿಗೇ ಹಾಲಿನ ಬಟ್ಟಲು ಇಟ್ಟರೂ ಓಟ ಕೀಳುತ್ತದೆ. ನಾವು ನಗುವುದು ರಾಮಕೃಷ್ಣನ ಚಾಲಾಕಿಗೆ. ಆದರೆ ಈ ಕಥೆ ಕಟ್ಟಿದವರು ಬೆಕ್ಕನ್ನು ಹತ್ತಿರದಿಂದ ನೋಡಿದವರೇ ಇರಬೇಕು. ಹೆದರಿಕೆ ಕಲಿಯಲು ಬೆಕ್ಕಿಗೆ ಒಂದು ಸಲ ಸಾಕು, ನಂಬಿಕೆ ಕಲಿಯಲು ಹತ್ತಾರು ಸಲ ಬೇಕು. ಇಲಿ ಹಿಡಿಯುವ ಈ ಪ್ರಾಣಿ ತಾನೂ ನಾಯಿ, ನರಿ, ಹದ್ದುಗಳ ಬಾಯಿಗೆ ಬೀಳಬಹುದಾದಷ್ಟು ಚಿಕ್ಕದು. ಅಪಾಯವನ್ನು ಎರಡನೇ ಸಲ ಪರೀಕ್ಷಿಸಿ ನೋಡುವ ಐಷಾರಾಮ ಅದಕ್ಕಿಲ್ಲ. ಬೀದಿಯಲ್ಲಿ ಸಿಕ್ಕ ಮರಿಯನ್ನು ಒಲಿಸಿಕೊಳ್ಳುವುದು ಯಾಕೆ ಅಷ್ಟು ಕಷ್ಟ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ.

ನಿಲ್ಲಿಸಿದ ಕಾರಿನ ಕೆಳಗೆ, ಕಾಂಪೌಂಡಿನ ಮೂಲೆಯಲ್ಲಿ, ಅಪಾರ್ಟ್‌ಮೆಂಟಿನ ನೀರಿನ ಪಂಪಿನ ಕೋಣೆಯಲ್ಲಿ ಮರಿಯೊಂದು ಕೂಗುತ್ತಿದ್ದರೆ ಕರುಣೆ ಉಳ್ಳವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ಅದನ್ನು ಹಿಡಿಯುವುದು. ಒಬ್ಬರು ಒಂದು ಕಡೆಯಿಂದ ಅಟ್ಟುತ್ತಾರೆ, ಇನ್ನೊಬ್ಬರು ಇನ್ನೊಂದು ಕಡೆ ಟವೆಲ್ ಹಿಡಿದು ಕಾಯುತ್ತಾರೆ, ಸಿಕ್ಕಿದ ಮೇಲೆ ಎದೆಗೆ ಅವಚಿಕೊಂಡು ಮುದ್ದು ಮಾಡುತ್ತಾರೆ. ಮನುಷ್ಯರ ಮಗುವಿಗೆ ಇದು ಸಮಾಧಾನ. ಮರಿಗೆ ಇದು ಬೇಟೆಗೆ ಸಿಕ್ಕಿಬೀಳುವ ಅನುಭವಕ್ಕಿಂತ ಬೇರೆಯಲ್ಲ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುತ್ತೇವಲ್ಲ, ಇಲ್ಲಿ ಇಲಿಯ ಜಾಗದಲ್ಲಿರುವುದು ಬೆಕ್ಕೇ. ನನ್ನ ವಾದ ಇಷ್ಟು: ಮರಿಯ ನಂಬಿಕೆ ಗಳಿಸುವುದು ಪ್ರೀತಿಯ ಪ್ರಮಾಣದಿಂದಲ್ಲ, ಊಟದ ರುಚಿಯಿಂದಲೂ ಅಲ್ಲ, ಹತ್ತಿರ ಬರುವುದೋ ದೂರ ಉಳಿಯುವುದೋ ಎಂಬ ತೀರ್ಮಾನವನ್ನು ಅದಕ್ಕೇ ಬಿಟ್ಟುಕೊಡುವುದರಿಂದ. ಓಡಿಹೋಗಲು ದಾರಿ ತೆರೆದಿದ್ದೂ ಮರಿ ಓಡಿಹೋಗದಿದ್ದರೆ ಅದನ್ನು ನಂಬಿಕೆ ಎನ್ನಬಹುದು. ದಾರಿ ಮುಚ್ಚಿ ಗಳಿಸಿದ್ದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಇದು ಬೆಕ್ಕುಪ್ರಿಯರ ಭಾವುಕತೆಯಂತೆ ಕೇಳಿಸಬಹುದು. ಆದರೆ ಇದಕ್ಕೆ ಕಳೆದ ನಾಲ್ಕೈದು ದಶಕಗಳ ಅಧ್ಯಯನಗಳ ಆಧಾರ ಇದೆ.

ಮೊದಲು ಬೆಕ್ಕಿನ ವಂಶದ ಮಾತು. ನಾವು ಸಾಕುವ ಬೆಕ್ಕೆಲ್ಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಂದು ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು ವಂಶವಾಹಿಗಳ ಹೋಲಿಕೆಯಿಂದ ತೋರಿಸಿದರು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ ಬೆಕ್ಕಿನ ಎಲುಬು ಸಿಕ್ಕಿದೆ. ನಂಟು ಹಳೆಯದು, ನಿಜ. ಆದರೆ ಆ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಕಣಜದ ಇಲಿ ಹುಡುಕಿಕೊಂಡು ತಾನಾಗಿಯೇ ಊರೊಳಗೆ ಬಂದದ್ದು. ನಾಯಿಯನ್ನು ಬೇಟೆಗೆ, ಕಾವಲಿಗೆ, ಕುರಿ ಕಾಯಲು ಎಂದು ಮನುಷ್ಯ ಸಾವಿರಾರು ವರ್ಷ ಆರಿಸಿ ಆರಿಸಿ ತಳಿ ಎಬ್ಬಿಸಿದ. ಬೆಕ್ಕಿನ ವಿಷಯದಲ್ಲಿ ಹಾಗೆ ಕೈಹಾಕಿದ್ದು ತೀರಾ ಇತ್ತೀಚೆಗೆ, ಅದೂ ಬಹುಪಾಲು ಬಣ್ಣ, ಕೂದಲಿಗಾಗಿ. ಹಾಗಾಗಿ ಮನುಷ್ಯರ ಸ್ನೇಹ ಬೆಕ್ಕಿನ ರಕ್ತದಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧವನ್ನು ಪ್ರತಿ ಮರಿಯೂ ತನ್ನ ಬಾಳಿನಲ್ಲಿ ಹೊಸದಾಗಿ ಕಲಿಯಬೇಕು. ಮಡಿಲಲ್ಲೇ ಮಲಗುವ ಸಾಧು ಬೆಕ್ಕಿನ ಮರಿಯಾದರೂ ಮೊದಲ ಕೆಲವು ವಾರ ಮನುಷ್ಯರ ಸ್ಪರ್ಶವೇ ಇಲ್ಲದೆ ಹಿತ್ತಲ ಸೌದೆ ರಾಶಿಯಲ್ಲಿ ಬೆಳೆದರೆ, ನಮ್ಮನ್ನು ಕಂಡಾಗ ಬುಸುಗುಟ್ಟುತ್ತದೆ.

ಆ ಕೆಲವು ವಾರ ಯಾವುವು ಎಂಬುದನ್ನು ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ 1980ರ ದಶಕದಲ್ಲಿ ತಾಳ್ಮೆಯಿಂದ ಪರೀಕ್ಷಿಸಿದರು. ಬೇರೆ ಬೇರೆ ವಯಸ್ಸಿನಿಂದ ಮರಿಗಳನ್ನು ದಿನವೂ ಕೈಯಲ್ಲಿ ಎತ್ತಿಕೊಳ್ಳುತ್ತ ಹೋಗಿ, ಆಮೇಲೆ ಅವು ಎಷ್ಟು ಬೇಗ ಮನುಷ್ಯರ ಬಳಿ ಬರುತ್ತವೆ, ಎಷ್ಟು ಹೊತ್ತು ಮಡಿಲಲ್ಲಿ ಉಳಿಯುತ್ತವೆ ಎಂದು ಅಳೆದರು. ಎರಡರಿಂದ ಏಳನೇ ವಾರದವರೆಗಿನ ಅವಧಿಯೇ ಬಲವಾದದ್ದು ಎಂದು ಅವರಿಗೆ ಕಂಡಿತು. ಇದಾದ ಮೇಲೆ 1995ರಲ್ಲಿ ಸಾಂಡ್ರಾ ಮೆಕ್ಯೂನ್ ಇನ್ನೊಂದು ಎಳೆ ಸೇರಿಸಿದರು: ಎಳವೆಯ ಸ್ಪರ್ಶದ ಜೊತೆಗೆ ಅಪ್ಪನ ಗುಣವೂ ಎಣಿಕೆಗೆ ಬರುತ್ತದೆ. ಧೈರ್ಯವಂತ ಗಂಡುಬೆಕ್ಕಿನ ಮರಿಗಳು, ಅಪ್ಪನ ಮುಖವನ್ನೇ ನೋಡದಿದ್ದರೂ, ಹೊಸ ವಸ್ತು ಮತ್ತು ಹೊಸ ಜನರ ಬಳಿ ಬೇಗ ಹೋಗುತ್ತವೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರಬಹುದು. ಹಾಗಾಗಿ ಅಕ್ಕಪಕ್ಕದಲ್ಲಿ ಹುಟ್ಟಿದ ಎರಡು ಮರಿಗಳಲ್ಲಿ ಒಂದು ಮೂರೇ ದಿನಕ್ಕೆ ಕಾಲಿಗೆ ಸುತ್ತಿಕೊಂಡು, ಇನ್ನೊಂದು ತಿಂಗಳಾದರೂ ಗೋಡೆ ಬಿಟ್ಟು ಬರದಿದ್ದರೆ ಅದರಲ್ಲಿ ಸಾಕುವವರ ಕೈಗುಣ ಹುಡುಕಬೇಕಿಲ್ಲ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಮರಿಯ ವಯಸ್ಸು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿ ಚೆನ್ನಾಗಿ ಹಾಲು ಸಿಕ್ಕರೆ ವಾರಕ್ಕೆ ಹತ್ತಿರಹತ್ತಿರ ಅಷ್ಟೇ ಹೆಚ್ಚುತ್ತ ಹೋಗುತ್ತದೆ. ಕಣ್ಣು ತೆರೆಯುವುದು ಒಂದರಿಂದ ಎರಡು ವಾರದೊಳಗೆ. ಮೊದಲು ಎಲ್ಲ ಮರಿಗಳ ಕಣ್ಣೂ ನೀಲಿ. ಆರೇಳು ವಾರಕ್ಕೆ ಅದು ಹಸಿರು, ಹಳದಿಗೆ ತಿರುಗತೊಡಗುತ್ತದೆ. ಕಣ್ಣು ಇನ್ನೂ ನೀಲಿಯಾಗಿದ್ದರೆ ಕೆಲಸ ಸುಲಭ ಎಂದೇ ಹೇಳಬಹುದು, ಆದರೆ ಆಗಲೇ ಇನ್ನೊಂದು ಎಚ್ಚರವೂ ಬೇಕು: ಮರಿ ನಿಜವಾಗಿ ಅನಾಥವೇ? ಬೆಕ್ಕು ಮರಿ ಹಾಕಿ ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ನಮ್ಮಲ್ಲಿದೆ. ಏಳೆಂಬ ಲೆಕ್ಕ ಹೇಗೇ ಇರಲಿ, ತಾಯಿಬೆಕ್ಕು ಜಾಗ ಬದಲಿಸುವುದು ನಿಜ. ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುವಾಗ ಉಳಿದವು ಗಂಟೆಗಟ್ಟಲೆ ಒಂಟಿಯಾಗಿರುತ್ತವೆ. ಮೈ ಸ್ವಚ್ಛವಾಗಿದ್ದು, ಹೊಟ್ಟೆ ದುಂಡಗಿದ್ದು, ಸುಮ್ಮನೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಎಲ್ಲೋ ಇದೆ ಎಂದೇ ಅರ್ಥ. ದೂರ ನಿಂತು ಕಾಯುವುದೇ ಅಲ್ಲಿ ಉಪಕಾರ. ಕೊಳೆಯಾಗಿ, ಸೊರಗಿ, ಬಿಡದೆ ಕೂಗುತ್ತಿದ್ದರೆ, ಮುಟ್ಟಿದರೆ ಮೈ ತಣ್ಣಗಿದ್ದರೆ ಮಾತ್ರ ಕೈ ಹಾಕಬೇಕು. ಅಂಥ ಮರಿಗೆ ಮೊದಲು ಬೆಚ್ಚಗಿನ ಬಟ್ಟೆ, ಮೈ ಬಿಸಿಯಾದ ಮೇಲಷ್ಟೇ ಆಹಾರ. ನಂಬಿಕೆಯ ಮಾತು ಅಲ್ಲಿ ಆಮೇಲಿನದು.

ಇನ್ನು ತಾಯಿ ಇಲ್ಲವೆಂದು ಖಚಿತವಾದ, ಎರಡು ಮೂರು ತಿಂಗಳ, ಓಡಲು ಬಲ್ಲ, ಮನುಷ್ಯರನ್ನು ಕಂಡರೆ ಆಗದ ಮರಿಯನ್ನು ತೆಗೆದುಕೊಳ್ಳೋಣ. ಇದೇ ನಿಜವಾದ ಸವಾಲು. ಮನೆಗೆ ತಂದ ಕೂಡಲೇ ಅದು ಸೋಫಾದ ಅಡಿಗೋ ಬೀರುವಿನ ಹಿಂದಕ್ಕೋ ಸೇರಿಕೊಳ್ಳುತ್ತದೆ. ಮನೆಮಂದಿ ಪೊರಕೆ ಕಡ್ಡಿ ಹಾಕಿ ಹೊರಗೆಳೆಯುತ್ತಾರೆ. ಅಡಗಿ ಕೂತರೆ ಪಳಗುವುದು ಯಾವಾಗ ಎಂಬುದು ಅವರ ತರ್ಕ. ಅಧ್ಯಯನಗಳು ಇದಕ್ಕೆ ನೇರ ವಿರುದ್ಧವಾದದ್ದನ್ನು ಹೇಳುತ್ತವೆ. 1993ರಲ್ಲಿ ಕ್ಯಾಥಿ ಕಾರ್ಲ್‌ಸ್ಟೆಡ್ ಮತ್ತು ಸಂಗಡಿಗರು ಪ್ರಯೋಗಾಲಯದ ಬೆಕ್ಕುಗಳ ಮೂತ್ರದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲನ್ನು ಅಳೆದರು. ಊಟ, ಸ್ವಚ್ಛತೆ, ಮುಟ್ಟುವುದು ಎಲ್ಲವೂ ಹೊತ್ತುಗೊತ್ತಿಲ್ಲದೆ ನಡೆದ ಗುಂಪಿನಲ್ಲಿ ಅದರ ಮಟ್ಟ ಏರಿತು. ಅದಕ್ಕಿಂತ ಕುತೂಹಲದ ಸಂಗತಿ, ಅಡಗಲು ಹೆಚ್ಚು ಯತ್ನಿಸಿದ ಬೆಕ್ಕುಗಳಲ್ಲಿ ಮಟ್ಟ ಕಡಿಮೆ ಇತ್ತು. ಅಂದರೆ ಅಡಗುವುದು ಭಯದ ಲಕ್ಷಣ ಮಾತ್ರವಲ್ಲ, ಭಯ ಇಳಿಸಿಕೊಳ್ಳುವ ಉಪಾಯವೂ ಹೌದು. ಸುಮಾರು ಎರಡು ದಶಕದ ಮೇಲೆ, 2014ರಲ್ಲಿ, ನೆದರ್ಲೆಂಡ್ಸಿನ ಬೆಕ್ಕುಗಳ ಆಶ್ರಯಧಾಮದಲ್ಲಿ ಕ್ಲೌಡಿಯಾ ವಿಂಕೆ ತಂಡ ಹೊಸದಾಗಿ ಬಂದ ಕೆಲವು ಬೆಕ್ಕುಗಳಿಗೆ ಅಡಗಲು ಪೆಟ್ಟಿಗೆ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿತು. ಪೆಟ್ಟಿಗೆ ಸಿಕ್ಕ ಬೆಕ್ಕುಗಳೇ ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು. ಕಿರಾಣಿ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಒಂದು ರಟ್ಟಿನ ಡಬ್ಬ ಮಾಡುವ ಕೆಲಸವನ್ನು ಹತ್ತು ಜನರ ಮುದ್ದು ಮಾಡಲಾರದು.

ಅಡಗುತಾಣ ಇದ್ದರೆ ಮರಿಗೆ ಸಿಗುವುದು ಕತ್ತಲಲ್ಲ, ಅಧಿಕಾರ. ಬೇಡವೆನಿಸಿದಾಗ ಮರೆಯಾಗಬಹುದು ಎಂದು ಗೊತ್ತಿದ್ದರಷ್ಟೇ ಹೊರಗೆ ಬರುವ ಧೈರ್ಯ ಮಾಡುತ್ತದೆ. ಹೊತ್ತುಗೊತ್ತಿನ ಮಹತ್ವವೂ ಇದೇ ಜಾತಿಯದು. ಬೆಳಿಗ್ಗೆ ಏಳಕ್ಕೆ ಅದೇ ತಟ್ಟೆ, ಅದೇ ಮೂಲೆ, ಅದೇ ಕರೆ, ಆಮೇಲೆ ಇಟ್ಟವರು ಹಿಂದೆ ಸರಿಯುವುದು: ಇಷ್ಟು ನಿಯಮಿತವಾಗಿ ನಡೆದರೆ ಮನುಷ್ಯ ಎಂಬ ದೊಡ್ಡ ಪ್ರಾಣಿಯ ಮುಂದಿನ ನಡೆಯನ್ನು ಮರಿ ಊಹಿಸಬಲ್ಲದು. ಊಹೆಗೆ ಸಿಗುವ ಪ್ರಾಣಿಯ ಬಗ್ಗೆ ಹೆದರಿಕೆ ತಾನಾಗಿ ಕರಗುತ್ತದೆ. ಇವತ್ತು ಮೂರು ಗಂಟೆ ಆಟ, ನಾಳೆ ಆಫೀಸು ಎಂದು ಮರೆತೇಬಿಡುವುದು, ನಾಡಿದ್ದು ನೆಂಟರ ಮಕ್ಕಳ ಕೈಗೆ ಒಪ್ಪಿಸುವುದು, ಇದರಲ್ಲಿ ಪ್ರೀತಿ ಎಷ್ಟೇ ಇದ್ದರೂ ಮರಿಗೆ ಲೆಕ್ಕ ಹತ್ತುವುದಿಲ್ಲ. ಕೆಸ್ಲರ್ ಮತ್ತು ಟರ್ನರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಜಾಗಕ್ಕೆ ಬಂದ ಬೆಕ್ಕುಗಳ ಒತ್ತಡ ಇಳಿಯುತ್ತ ಬಂದದ್ದು ಮೊದಲ ಎರಡು ವಾರಗಳ ಅವಧಿಯಲ್ಲಿ. ನಮ್ಮ ಮನೆಗಳಲ್ಲಿ ಮರಿಗೆ ಸಾಮಾನ್ಯವಾಗಿ ಸಿಗುವ ಕಾಲಾವಕಾಶ ಒಂದು ಭಾನುವಾರ.

ಇಡೀ ವಾದಕ್ಕೆ ಬೆನ್ನೆಲುಬಾಗಿರುವ ಸಂಗತಿ ಬಂದಿರುವುದು ಸ್ವಿಟ್ಜರ್ಲೆಂಡಿನಿಂದ. ಡೆನ್ನಿಸ್ ಟರ್ನರ್ ಮತ್ತು ಕ್ಲೌಡಿಯಾ ಮೆರ್ಟೆನ್ಸ್ 1980ರ ದಶಕದಿಂದ ಬೆಕ್ಕು ಸಾಕಿದ ಮನೆಗಳಿಗೇ ಹೋಗಿ ಕೂತು, ಯಾರು ಯಾರ ಬಳಿ ಹೋದರು, ಯಾರು ಮೊದಲು ಮುಟ್ಟಿದರು, ಒಡನಾಟ ಎಷ್ಟು ಹೊತ್ತು ನಡೆಯಿತು ಎಂದು ಬರೆದಿಟ್ಟರು. ಬೆಕ್ಕು ತಾನಾಗಿ ಶುರುಮಾಡಿದ ಒಡನಾಟ ಹೆಚ್ಚು ಹೊತ್ತು ಬಾಳಿತು. ಮನುಷ್ಯರು ಶುರುಮಾಡಿದ್ದು ಬೇಗ ಮುಗಿಯಿತು. ಬೆಕ್ಕಿನ ಇಷ್ಟವನ್ನು ಗಮನಿಸಿ ನಡೆದವರ ಇಷ್ಟವನ್ನು ಬೆಕ್ಕೂ ನಡೆಸಿಕೊಟ್ಟಿತು. ಮೂರು ದಶಕದ ನಂತರ ಲಂಡನ್ನಿನ ಬ್ಯಾಟರ್‌ಸೀ ಆಶ್ರಯಧಾಮದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಇನ್ನಷ್ಟು ಗಟ್ಟಿಮಾಡಿತು. ಅಪರಿಚಿತ ಜನರಿಗೆ ಕೆಲವೇ ನಿಮಿಷದ ತರಬೇತಿ: ಕೈಯನ್ನು ಮೆಲ್ಲಗೆ ಮುಂದೆ ಚಾಚಿ, ಬೆಕ್ಕು ಮೂಸಿ ಮೈ ಉಜ್ಜಿದರೆ ಮಾತ್ರ ಸವರಿ, ಅದರ ಕಿವಿ ಬಾಲ ಗಮನಿಸಿ, ಬೇಡವೆಂದಾಗ ನಿಲ್ಲಿಸಿ. ತರಬೇತಿಗೆ ಮೊದಲು ಅದೇ ಜನ ತಮಗೆ ತೋಚಿದಂತೆ ಬೆಕ್ಕಿನ ಜೊತೆ ವರ್ತಿಸಿದ್ದಕ್ಕೆ ಹೋಲಿಸಿದರೆ, ತರಬೇತಿಯ ನಂತರ ಪರಚುವುದು ಕಚ್ಚುವುದು ಕಡಿಮೆಯಾಯಿತು, ಸ್ನೇಹದ ವರ್ತನೆ ಹೆಚ್ಚಿತು. ಬೆಕ್ಕುಗಳ ಸ್ವಭಾವ ಬದಲಾಗಿರಲಿಲ್ಲ. ಬದಲಾದದ್ದು ಮನುಷ್ಯರ ಕೈ ಮಾತ್ರ.

ಬೀದಿಯ ಮರಿಯ ವಿಷಯದಲ್ಲಿ ಇದನ್ನು ನಡೆಸುವುದು ಹೀಗೆ. ಊಟ ಇಟ್ಟು ಕೋಣೆಯ ಇನ್ನೊಂದು ಕೊನೆಯಲ್ಲಿ ನೆಲದ ಮೇಲೆ ಕೂರುವುದು. ನಿಂತ ಮನುಷ್ಯ ಮರಿಯ ಕಣ್ಣಿಗೆ ಬೆಟ್ಟ. ಮುಖವನ್ನು ನೆಟ್ಟ ದೃಷ್ಟಿಯಿಂದ ನೋಡಬಾರದು, ಬೆಕ್ಕುಗಳ ಲೋಕದಲ್ಲಿ ಅದು ಜಗಳಕ್ಕೆ ಕರೆ. ಬದಲಿಗೆ ಕಣ್ಣನ್ನು ಅರೆ ಮುಚ್ಚಿ ನಿಧಾನ ತೆರೆಯುವುದು. ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಹೀಗೆ ಮಂದವಾಗಿ ಕಣ್ಣು ಮಿಟುಕಿಸಿದ ಅಪರಿಚಿತರ ಚಾಚಿದ ಕೈ ಬಳಿಗೆ ಬೆಕ್ಕು ಬರುವ ಸಾಧ್ಯತೆ, ಭಾವವಿಲ್ಲದ ಮುಖದವರ ಬಳಿ ಬರುವುದಕ್ಕಿಂತ ಹೆಚ್ಚು. ತಟ್ಟೆಯನ್ನು ದಿನಕ್ಕೆ ಒಂದು ಗೇಣು ಹತ್ತಿರ ತರಬಹುದು. ಮರಿ ಉಣ್ಣುವುದನ್ನು ನಿಲ್ಲಿಸಿ ತಲೆಯೆತ್ತಿದರೆ ಅಲ್ಲಿಗೆ ನಿಲ್ಲಿಸಿ ಮರುದಿನ ಒಂದು ಗೇಣು ಹಿಂದಕ್ಕೆ. ಹಿಂದೆ ಸರಿಯುವುದೇ ಇಲ್ಲಿ ದೊಡ್ಡ ವಿದ್ಯೆ, ಬಹುತೇಕರಿಗೆ ಬಾರದ್ದೂ ಅದೇ. ಮರಿ ತಾನೇ ಬಂದು ಬೆರಳು ಮೂಸಿದ ದಿನವೂ ಎತ್ತಿಕೊಳ್ಳಲು ಹೋಗಬಾರದು. ಸವರುವುದಾದರೆ ಕೆನ್ನೆ, ಗಲ್ಲ, ಕಿವಿಯ ಬುಡ. ಅಲ್ಲಿ ಅದರ ವಾಸನೆಯ ಗ್ರಂಥಿಗಳಿವೆ, ಸ್ನೇಹಿತ ಬೆಕ್ಕುಗಳೂ ಪರಸ್ಪರ ಉಜ್ಜಿಕೊಳ್ಳುವುದು ಅಲ್ಲೇ. ಬಾಲದ ಬುಡ ಮುಟ್ಟಿದಾಗ ಬೆಕ್ಕುಗಳು ಹೆಚ್ಚು ಮುನಿಯುತ್ತವೆ ಎಂದು 2015ರ ಒಂದು ಅಧ್ಯಯನ ತೋರಿಸಿದೆ. ಹೊಟ್ಟೆ ತೋರಿಸಿ ಹೊರಳಿದರೆ ಅದು ನಂಬಿಕೆಯ ಗುರುತೇ ಸರಿ, ಹೊಟ್ಟೆ ಮುಟ್ಟಲು ಕೊಟ್ಟ ಪರವಾನಗಿಯಲ್ಲ. ಉದ್ದದ ಕಡ್ಡಿಗೆ ಕಟ್ಟಿದ ಬಟ್ಟೆಚೂರಿನ ಆಟ ಮಾತ್ರ ಧಾರಾಳವಾಗಿ ಆಡಿಸಬಹುದು. ಅಂತರ ಉಳಿಸಿಕೊಂಡೇ ನಂಟು ಬೆಳೆಸುವ ಉಪಾಯ ಅದು.

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಕುತ್ತಿಗೆಯ ಹಿಂದಿನ ತೊಗಲು ಹಿಡಿದೆತ್ತಿದರೆ ಮರಿ ಸುಮ್ಮನಾಗುತ್ತದೆ, ನೋಡಿ ಎಷ್ಟು ಬೇಗ ಪಳಗಿತು ಎನ್ನುವವರಿದ್ದಾರೆ. ಶ್ರೀವೈಷ್ಣವ ಪರಂಪರೆಯಲ್ಲಿ ಶರಣಾಗತಿಯನ್ನು ವಿವರಿಸಲು ಎರಡು ಹೋಲಿಕೆ ಬಳಸುತ್ತಾರೆ: ಮರ್ಕಟ ಕಿಶೋರ ನ್ಯಾಯದಲ್ಲಿ ಕೋತಿಮರಿ ತಾಯಿಯನ್ನು ತಾನೇ ಅವಚಿ ಹಿಡಿಯುತ್ತದೆ, ಮಾರ್ಜಾಲ ಕಿಶೋರ ನ್ಯಾಯದಲ್ಲಿ ಬೆಕ್ಕಿನ ಮರಿ ಏನೂ ಮಾಡದೆ ತಾಯಿಯ ಬಾಯಿಗೆ ತನ್ನನ್ನು ಒಪ್ಪಿಸಿಬಿಡುತ್ತದೆ. ಗಮನಿಸಬೇಕಾದ್ದು, ಒಪ್ಪಿಸಿಕೊಳ್ಳುವುದು ತಾಯಿಗೆ, ಅದೂ ಎಳವೆಯ ಕೆಲವೇ ವಾರ. ಅದೇ ಜಾಗವನ್ನು ಅಪರಿಚಿತ ಕೈ ಹಿಡಿದಾಗ ಮರಿ ಮುದುಡಿ ನಿಶ್ಚಲವಾಗುವುದರಲ್ಲಿ ಶರಣಾಗತಿ ಇಲ್ಲ. ಮೈಯ ಸಹಜ ಪ್ರತಿಕ್ರಿಯೆ ಇದೆ, ಬೇರೆ ದಾರಿಯಿಲ್ಲದ ಭಯವೂ ಇರಬಹುದು. ಕಿವಿ ಬದಿಗೆ ಚಪ್ಪಟೆಯಾಗಿ, ಪಾಪೆ ಅಗಲವಾಗಿ, ಬಾಲ ಮೈಗೆ ಅಂಟಿಕೊಂಡಿದ್ದರೆ ಆ ಮೌನಕ್ಕೆ ಸಮ್ಮತಿಯ ಅರ್ಥ ಹಚ್ಚಬಾರದು. ಗುರುಗುಟ್ಟುವುದು ಕೂಡ ಸದಾ ಸುಖದ ಸದ್ದಲ್ಲ, ನೋವಿನಲ್ಲಿರುವ ಬೆಕ್ಕೂ ಗುರುಗುಟ್ಟುತ್ತದೆ. ಬೆಕ್ಕುಗಳ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಹೊರತಂದ ಮಾರ್ಗಸೂಚಿ ಕುತ್ತಿಗೆ ತೊಗಲು ಹಿಡಿಯುವ ಪದ್ಧತಿಯನ್ನು ಬೇಡವೆನ್ನುತ್ತದೆ.

ಇದಕ್ಕೆಲ್ಲ ಗಂಭೀರವಾದ ಆಕ್ಷೇಪವೊಂದಿದೆ, ಅದು ನಾನೇ ಮೇಲೆ ಉದ್ಧರಿಸಿದ ಕಾರ್ಶ್ ಅವರ ಅಧ್ಯಯನದಿಂದಲೇ ಹುಟ್ಟುತ್ತದೆ. ಏಳನೇ ವಾರಕ್ಕೆ ಬಾಗಿಲು ಮುಚ್ಚುತ್ತ ಬರುತ್ತದೆ ಎಂದಾದರೆ ಮರಿ ತಾನಾಗಿ ಬರಲಿ ಎಂದು ಕಾಯುತ್ತ ಕೂರುವುದು ಅದಕ್ಕೇ ದ್ರೋಹವಲ್ಲವೇ? ಕಾರ್ಶ್ ಮರಿಗಳನ್ನು ಎತ್ತಿಕೊಂಡೇ ಪಳಗಿಸಿದರಲ್ಲ? ಪ್ರಾಣಿದಯಾ ಕೆಲಸದಲ್ಲಿರುವ ಅನುಭವಿಗಳೂ ಮರಿಯನ್ನು ಟವೆಲ್‌ನಲ್ಲಿ ಸುತ್ತಿ ದಿನಕ್ಕೆ ಹಲವು ಸಲ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ; ಅವರ ಕೈಯಲ್ಲಿ ಪಳಗಿದ ಮರಿಗಳ ಸಂಖ್ಯೆ ದೊಡ್ಡದು. ಈ ಆಕ್ಷೇಪದಲ್ಲಿ ಹುರುಳಿದೆ. ಎಂಟು ವಾರದೊಳಗಿನ ಮರಿಯ ವಿಷಯದಲ್ಲಿ ನಾನು ಇದನ್ನು ಬಹುಪಾಲು ಒಪ್ಪುತ್ತೇನೆ: ಆ ವಯಸ್ಸಿನಲ್ಲಿ ಭಯ ಇನ್ನೂ ಬೇರು ಬಿಟ್ಟಿರುವುದಿಲ್ಲ, ದಿನವೂ ಮೃದುವಾಗಿ ಎತ್ತಿಕೊಳ್ಳುವುದೇ ಪಾಠ, ಕಾಯುವುದು ನಷ್ಟ. ಆದರೆ ಅಲ್ಲೂ ಗೆಲ್ಲುವುದು ಬಲವಲ್ಲ. ಅನುಭವಿಗಳ ಕೈ ನೋಡಿದರೆ ತಿಳಿಯುತ್ತದೆ: ಹಿಡಿಯುವುದು ಸ್ವಲ್ಪ ಹೊತ್ತು, ಮರಿ ಒದ್ದಾಡುವ ಮೊದಲೇ ಬಿಡುವುದು, ಬಿಡುವ ಮುನ್ನ ರುಚಿಯಾದದ್ದು ಬಾಯಿಗೆ. ಹಿಡಿದ ಕೈಯಿಂದ ಬಿಡುಗಡೆ ಇದ್ದೇ ಇದೆ ಎಂಬುದನ್ನು ಮರಿ ಮೊದಲು ಕಲಿಯುತ್ತದೆ. ಇನ್ನು ಮೂರು ತಿಂಗಳು ದಾಟಿದ ಮರಿಗೆ ಎಳವೆಯ ಆ ಗಡುವು ಹೇಗೂ ಮುಗಿದಿದೆ, ಆತುರಪಟ್ಟು ಉಳಿಸಿಕೊಳ್ಳಲು ಏನೂ ಉಳಿದಿಲ್ಲ. ಕಾಲ ಉಳಿಸುವ ದಾರಿ ಬೇರೆಯೇ ಇದೆ: ಇಡೀ ಮನೆಯಲ್ಲಿ ಬಿಡುವ ಬದಲು ಒಂದು ಚಿಕ್ಕ ಕೋಣೆಯಲ್ಲಿ ಇರಿಸುವುದು. ಮಲಮೂತ್ರಕ್ಕೆ ಮಣ್ಣು ತುಂಬಿದ ತಟ್ಟೆ ಒಂದು ಮೂಲೆಗೆ, ಊಟ ನೀರು ಅದರಿಂದ ದೂರ ಇನ್ನೊಂದು ಮೂಲೆಗೆ, ನಡುವೆ ಅಡಗುವ ಡಬ್ಬ. ಜಾಗ ಚಿಕ್ಕದಾದರೆ ಮರಿ ತೀರ್ಮಾನಿಸಬೇಕಾದ ಸಂಗತಿಗಳೂ ಕಡಿಮೆ. ಗಾಯ, ಜ್ವರ, ಬೆಂಕಿ, ನಾಯಿಗಳ ಹಿಂಡು ಇದ್ದಾಗ ದಪ್ಪ ಟವೆಲ್ ಹಾಕಿ ಹಿಡಿಯದೆ ವಿಧಿಯಿಲ್ಲ. ಆಗ ಕಳೆದುಕೊಂಡ ನಂಬಿಕೆಯನ್ನು ಆಮೇಲೆ ಮೊದಲಿನಿಂದ ಕಟ್ಟಬೇಕು, ಜೀವ ಉಳಿದಿರುತ್ತದಲ್ಲ.

ಎರಡನೇ ಆಕ್ಷೇಪ ಬೆಕ್ಕಿನ ಬಗ್ಗೆ ನಮ್ಮಲ್ಲಿ ಹಳೆಯದು: ನಾಯಿಗೆ ಯಜಮಾನ ಬೇಕು, ಬೆಕ್ಕಿಗೆ ಅಡುಗೆಮನೆ ಸಾಕು, ನಂಬಿಕೆ ಗಿಂಬಿಕೆ ಎಲ್ಲ ನಮ್ಮ ಕಲ್ಪನೆ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು ಇದನ್ನು ಎರಡು ಸಲ ಪರೀಕ್ಷೆಗೆ ಒಡ್ಡಿದ್ದಾರೆ. 2017ರ ಪ್ರಯೋಗದಲ್ಲಿ ಬೆಕ್ಕುಗಳ ಮುಂದೆ ಊಟ, ಆಟಿಕೆ, ವಾಸನೆ, ಮನುಷ್ಯರ ಒಡನಾಟ ನಾಲ್ಕನ್ನೂ ಇಟ್ಟಾಗ ಅರ್ಧದಷ್ಟು ಬೆಕ್ಕುಗಳು ಮನುಷ್ಯರನ್ನೇ ಆರಿಸಿಕೊಂಡವು. ಮನೆಯ ಬೆಕ್ಕು, ಆಶ್ರಯಧಾಮದ ಬೆಕ್ಕು ಎಂಬ ಭೇದವೂ ಕಾಣಲಿಲ್ಲ. 2019ರಲ್ಲಿ 70 ಮರಿಗಳನ್ನು ಅಪರಿಚಿತ ಕೋಣೆಯಲ್ಲಿ ಸಾಕಿದವರ ಜೊತೆ ಎರಡು ನಿಮಿಷ, ಒಂಟಿಯಾಗಿ ಎರಡು ನಿಮಿಷ, ಮತ್ತೆ ಸಾಕಿದವರ ಜೊತೆ ಎರಡು ನಿಮಿಷ ಬಿಟ್ಟು ನೋಡಿದರು. ಶೇಕಡಾ 64.3 ಮರಿಗಳು ಸಾಕಿದವರು ಮರಳಿದ ಕೂಡಲೇ ಸಮಾಧಾನಗೊಂಡು, ಆಗಾಗ ಅವರ ಬಳಿ ಬಂದು ಹೋಗುತ್ತ, ಕೋಣೆಯನ್ನು ಧೈರ್ಯದಿಂದ ಶೋಧಿಸತೊಡಗಿದವು. ಎಳೆ ಮಕ್ಕಳಲ್ಲಿ ಮನಶ್ಶಾಸ್ತ್ರಜ್ಞರು ಕಾಣುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಊಟದ ಆಸೆಯಷ್ಟೇ ಇದ್ದಿದ್ದರೆ ತಟ್ಟೆಯಿಲ್ಲದ ಆ ಕೋಣೆಯಲ್ಲಿ ಮರಿಗೆ ಯಾರು ಬಂದರೇನು, ಯಾರು ಹೋದರೇನು? ಊಟ ಪರಿಚಯ ಮಾಡಿಸುತ್ತದೆ, ಅಷ್ಟರ ಮಟ್ಟಿಗೆ ಅದು ಬೇಕೇ ಬೇಕು.

ಊಟದ ಮಾತು ಬಂದದ್ದರಿಂದ ಒಂದು ಕಿವಿಮಾತು. ಹಾಲನ್ನ, ಮೊಸರನ್ನ ನಮ್ಮ ಮನೆಗಳ ವಾಡಿಕೆ, ಆದರೆ ತಾಯಿಹಾಲು ಬಿಟ್ಟ ಬೆಕ್ಕಿಗೆ ಹಸುವಿನ ಹಾಲಿನ ಸಕ್ಕರೆ ಸಾಮಾನ್ಯವಾಗಿ ಜೀರ್ಣವಾಗದು. ಭೇದಿಯಾಗಿ ಪುಟ್ಟ ಮೈಯ ನೀರೆಲ್ಲ ಬಸಿದುಹೋಗುತ್ತದೆ. ರಾಮಕೃಷ್ಣನ ಬೆಕ್ಕು ಹಾಲು ಬಿಟ್ಟದ್ದು ಈ ಲೆಕ್ಕದಲ್ಲಿ ಒಳ್ಳೆಯದೇ ಆಯಿತೇನೋ. ಬೆಕ್ಕು ಅಪ್ಪಟ ಮಾಂಸಾಹಾರಿ. ಮಾಂಸ ಮೀನಿನಲ್ಲಿ ಸಿಗುವ ಟಾರಿನ್ ಎಂಬ ಅಂಶ ದೀರ್ಘಕಾಲ ಕೊರತೆಯಾದರೆ ಅದರ ಕಣ್ಣು ಕುರುಡಾಗುತ್ತದೆ, ಹೃದಯ ಕೆಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು ಆದೀತು. ಸಸ್ಯಾಹಾರಿ ಮನೆಯವರು ಅಂಗಡಿಯಲ್ಲಿ ಸಿಗುವ ಮರಿಗಳ ಆಹಾರದ ಪೊಟ್ಟಣ ತರಬಹುದು. ನಾಲ್ಕು ವಾರದೊಳಗಿನ ಮರಿಗೆ ಪಶುವೈದ್ಯರು ಹೇಳುವ ಬದಲಿ ಹಾಲೇ ಗತಿ.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ನೈತಿಕ ಪ್ರಶ್ನೆ. ಬೀದಿಯಲ್ಲೇ ಬದುಕಬೇಕಾದ ಪ್ರಾಣಿಗೆ ಮನುಷ್ಯರ ಮೇಲೆ ನಂಬಿಕೆ ಹುಟ್ಟಿಸುವುದು ಒಳ್ಳೆಯದೇ? ಕಲ್ಲು ಹೊಡೆಯುವವರಿಂದ ಓಡುವ ಭಯವೇ ಅದನ್ನು ಕಾಪಾಡುತ್ತಿರುವಾಗ, ನಾವು ಆ ಭಯವನ್ನು ಕಿತ್ತು ಅದನ್ನು ಬರಿಗೈಯಲ್ಲಿ ಬಿಡುತ್ತಿಲ್ಲವೇ? ಇದಕ್ಕೆ ಪೂರ್ಣ ಸಮಾಧಾನದ ಉತ್ತರ ನನ್ನ ಬಳಿ ಇಲ್ಲ. ಆದರೆ ಒಂದು ಹಳೆಯ ಅಧ್ಯಯನ ದಾರಿ ತೋರಿಸುತ್ತದೆ. 1967ರಲ್ಲಿ ರೋಬರ್ಟಾ ಕೊಲಾರ್ಡ್ ಕೆಲವು ಮರಿಗಳನ್ನು ಒಬ್ಬರೇ, ಕೆಲವನ್ನು ಐವರು ಬೇರೆ ಬೇರೆ ಜನ ಒಡನಾಡಿಸುವಂತೆ ಮಾಡಿದರು. ಐವರ ಕೈಯಲ್ಲಿ ಆಡಿದ ಮರಿಗಳಿಗೆ ಅಪರಿಚಿತರ ಭಯ ಕಡಿಮೆ. ಒಬ್ಬರೇ ನೋಡಿಕೊಂಡ ಮರಿಗಳು ಆ ಒಬ್ಬರಲ್ಲಿ ಹೆಚ್ಚು ಅಕ್ಕರೆ ತೋರಿದವು. ಮನೆಯೊಳಗೆ ಸಾಕುವುದು ಖಚಿತವಾದರೆ ಬೇರೆ ಬೇರೆ ಜನ, ಮಕ್ಕಳು, ಹಿರಿಯರು, ಒಬ್ಬೊಬ್ಬರಾಗಿ ಪರಿಚಯವಾಗಲಿ. ಬೀದಿಯಲ್ಲೇ ಉಳಿಯುವ ಮರಿಯಾದರೆ ಊಟ ಹಾಕುವವರು ಒಬ್ಬರೋ ಇಬ್ಬರೋ ಆಗಿರಲಿ, ಮಡಿಲಿಗೆ ಕರೆಯುವುದೇ ಬೇಡ. ಪಶುವೈದ್ಯರ ಬಳಿಗೆ ಬುಟ್ಟಿಯಲ್ಲಿ ಒಯ್ಯುವಷ್ಟು ಸಲುಗೆ ಸಾಕು, ಉಳಿದವರ ಬಗ್ಗೆ ಅದರ ಗುಮಾನಿ ಹಾಗೇ ಇರಲಿ.

ಮರಿಯ ಮರ್ಜಿಗೆ ಬಿಡಬೇಕು ಎಂಬ ನಿಯಮ ಮನುಷ್ಯರ ಆರೋಗ್ಯಕ್ಕೂ ಬೇಕಾದದ್ದು. ಮೂಲೆಗೆ ಸಿಕ್ಕಿಸಿದ ಮರಿ ಕಚ್ಚುತ್ತದೆ, ಬೆಕ್ಕಿನ ಸೂಜಿಹಲ್ಲಿನ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳ, ಬೇಗ ಕೀವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಬೆಕ್ಕಿನಿಂದಲೂ ರೇಬಿಸ್ ಬರಬಹುದು. ನಾಯಿ ಕಚ್ಚಿದರೆ ಮಾತ್ರ ಚುಚ್ಚುಮದ್ದು ಎಂಬ ಭಾವನೆ ತಪ್ಪು. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧವಿಲ್ಲ, ಅದಕ್ಕೆ ಮುಂಚೆ ತಡಮಾಡದೆ ಪಡೆದ ಚಿಕಿತ್ಸೆ ಬಹುತೇಕ ಸಂಪೂರ್ಣ ರಕ್ಷಣೆ ಕೊಡುತ್ತದೆ. ಗರ್ಭಿಣಿಯರಿರುವ ಮನೆಯಲ್ಲಿ ಮರಿಯ ಮಲದ ತಟ್ಟೆಯನ್ನು ಬೇರೆಯವರು ದಿನವೂ ಸ್ವಚ್ಛಗೊಳಿಸಲಿ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ಹಬ್ಬಿಸುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು.

ಕೈಗೆ ಬಂದ ಮರಿಯನ್ನು ಮೊದಲು ಒಯ್ಯಬೇಕಾದ್ದು ಪಶುವೈದ್ಯರ ಬಳಿಗೆ: ಜಂತುಹುಳಿನ ಔಷಧ, ಬೆಕ್ಕುಗಳ ಮಾರಕ ಭೇದಿ ರೋಗದ ಮತ್ತು ರೇಬಿಸ್‌ನ ಲಸಿಕೆ, ವಯಸ್ಸಾದಾಗ ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು, ಮುಂದೂಡಿದರೆ ಕಾರಿನ ಕೆಳಗೆ ಇನ್ನೊಂದು ಸೂಲು ಕೂಗುತ್ತಿರುತ್ತದೆ. ಇನ್ನೊಂದು ಮಾತು ಮರಿಯನ್ನು ಮನೆಗೆ ತರುವ ಮುಂಚೆಯೇ ಯೋಚಿಸಬೇಕಾದದ್ದು. ಮನೆಯೊಳಗೆ ಸಾಕಿದ ಬೆಕ್ಕು ಹದಿನೈದು ವರ್ಷ ಬದುಕುವುದು ಅಪರೂಪವಲ್ಲ. ಬಾಡಿಗೆ ಮನೆ ಬದಲಾಯಿತು, ಮಗುವಾಯಿತು, ವರ್ಗವಾಯಿತು ಎಂದು ಅದನ್ನು ಚೀಲದಲ್ಲಿ ಹಾಕಿ ಮಾರುಕಟ್ಟೆಯ ಬಳಿಯೋ ಊರಾಚೆಗೋ ಬಿಟ್ಟುಬರುವುದು ಹಸಿವು ಬಾಯಾರಿಕೆಗೆ ದೂಡಿದಂತೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಅಷ್ಟು ವರ್ಷದ ಹೊಣೆ ಹೊರಲಾಗದು ಎನಿಸಿದರೆ ಮರಿಯನ್ನು ಪಳಗಿಸಬೇಡಿ. ದೂರದಿಂದ ಊಟ ಹಾಕಿ, ಬೋನಿಟ್ಟು ಹಿಡಿದು ಶಸ್ತ್ರಚಿಕಿತ್ಸೆ ಮಾಡಿಸಿ, ಮತ್ತೆ ಅದರ ಜಾಗಕ್ಕೇ ಬಿಡಿ.